ಸಂಜೆ ಏಳರ ಮೇಲೆ ಆಫ್ ಆಗುವ ಕಂಪ್ಯೂಟರ್

ಏಪ್ರಿಲ್ ರಜೆಯಲ್ಲಿ ಅಕ್ಕನ ಮಗ ಫೋನ್ ಮಾಡಿದ. "ಮಾವ, ಗೇಮ್ ಆಡ್ತಾ ಇದ್ದ ಹಾಗೇ ಕಂಪ್ಯೂಟರ್ ಟಕ್ ಅಂತ ಆಫ್ ಆಗ್ತಿದೆ. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ಕರೆಂಟ್ ಹೋದ ಹಾಗೇ ಆಗುತ್ತೆ. ಆದ್ರೆ ಮೇಲೆ ಫ್ಯಾನ್ ತಿರುಗ್ತಾನೇ ಇರುತ್ತೆ."

ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಕಂಪ್ಯೂಟರ್ ಅಂಗಡಿ ಏನೂ ಇಟ್ಟುಕೊಂಡಿಲ್ಲ. ಆದರೂ ನೆಂಟರ ಪೈಕಿ ಯಾರ ಕಂಪ್ಯೂಟರ್ ಕೆಟ್ಟರೂ ಮೊದಲ ಫೋನ್ ನನಗೇ. ಅಕ್ಕನ ಮನೆ ತೀರ್ಥಹಳ್ಳಿ ದಾಟಿ ಮೇಗರವಳ್ಳಿ ಕಡೆ. ಅಡಿಕೆ ತೋಟದ ಒಂಟಿ ಮನೆ. ಹುಡುಗ ಓದುವುದು ಶಿವಮೊಗ್ಗದಲ್ಲಿ. ಗೋಪಾಳದಲ್ಲಿ ರೂಮ್ ಮಾಡಿಕೊಂಡಿದ್ದಾನೆ. ರಜೆ ಬಂತೆಂದು ಕಂಪ್ಯೂಟರನ್ನೂ ಹೊತ್ತುಕೊಂಡು ಊರಿಗೆ ಹೋಗಿದ್ದ.

ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಾರ್ಚ್‌ನಲ್ಲಿ ಅವನು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳುವಾಗ ನನ್ನನ್ನು ಕೇಳಿದ್ದ. "ಮಾವ, ಈಗಿರೋ ಎಸ್‌ಎಂಪಿಎಸ್ 600 ವ್ಯಾಟ್. ಸಾಕಾಗುತ್ತಾ?" ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಹಂಚುವ ಡಬ್ಬ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ "ಧಾರಾಳ ಆಯ್ತು" ಅಂದಿದ್ದೆ. ಯಾವ 600 ಎಂದು ಕೇಳಲೇ ಇಲ್ಲ.

ಕಂಪ್ಯೂಟರಿನ ವಿವರ ಇಷ್ಟು. ಪ್ರೊಸೆಸರ್ ರೈಝೆನ್ 5 5600. ಕಾರ್ಡು ಆರ್‌ಟಿಎಕ್ಸ್ 3070. ರ‍್ಯಾಮ್ 16 ಜಿಬಿ, ಒಂದು ಎಸ್‌ಎಸ್‌ಡಿ, ನಾಲ್ಕು ಫ್ಯಾನು. ನನ್ನ ಆವತ್ತಿನ ಲೆಕ್ಕ ಹೀಗಿತ್ತು: ಕಾರ್ಡಿಗೆ 220 ವ್ಯಾಟ್. ಪ್ರೊಸೆಸರ್‌ನ ಮೇಲೆ 65 ಎಂದು ಬರೆದಿದ್ದರೂ ಅದು ನಿಜಕ್ಕೂ ಎಳೆಯುವುದು 76ರವರೆಗೆ. ಮದರ್‌ಬೋರ್ಡ್, ರ‍್ಯಾಮ್, ಫ್ಯಾನು ಎಲ್ಲ ಸೇರಿ ಒಂದು 50. ಒಟ್ಟು 350ರ ಆಸುಪಾಸು. ಆರುನೂರರಲ್ಲಿ ಇನ್ನೂ 250 ಉಳಿಯಿತಲ್ಲ ಅಂದುಕೊಂಡಿದ್ದೆ. ಕೂಡಿಸಿದ್ದರಲ್ಲಿ ತಪ್ಪಿಲ್ಲ. ಉತ್ತರ ಮಾತ್ರ ತಪ್ಪಾಯಿತು.

ಮೊದಲ ಸುತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿಸಿದೆ. ಡ್ರೈವರ್ ತೆಗೆದು ಹೊಸದಾಗಿ ಹಾಕಿಸಿದೆ. ಬಿಸಿ ಎಷ್ಟಾಗುತ್ತಿದೆ ನೋಡು ಅಂದೆ. ಕಾರ್ಡು 71 ಡಿಗ್ರಿ, ಪ್ರೊಸೆಸರ್ 68. ಏನೂ ತೊಂದರೆಯಿಲ್ಲ. ವಿಂಡೋಸ್‌ನ ನಡೆದದ್ದನ್ನೆಲ್ಲ ದಾಖಲಿಸಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಹುಡುಗ ಅದನ್ನು ಫೋಟೋ ತೆಗೆದು ಕಳಿಸಿದ, ಕಳ್ಳ ಸಿಕ್ಕಿಬಿದ್ದ ಅನ್ನುವ ಹಾಗೆ. ಆದರೆ ಆ 41 ಹೇಳುವುದು "ಹೋದ ಸಲ ನನ್ನನ್ನು ಸರಿಯಾಗಿ ಆಫ್ ಮಾಡಿರಲಿಲ್ಲ" ಅಂತ ಮಾತ್ರ. ಯಾಕೆ ಆಫ್ ಆಯಿತು ಅನ್ನುವುದು ಅದಕ್ಕೂ ಗೊತ್ತಿರುವುದಿಲ್ಲ.

ಕೊನೆಗೆ "ಇಲ್ಲಿಗೇ ತಗೊಂಡು ಬಾ" ಅಂದೆ. ಮಂಡಗದ್ದೆ ದಾರಿಯ ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ನಮ್ಮ ಮನೆಯಲ್ಲಿ ಐದು ಗಂಟೆ ಗೇಮ್ ಓಡಿಸಿದೆವು. ಒಂದೇ ಒಂದು ಸಲವೂ ಆಫ್ ಆಗಲಿಲ್ಲ. ಕೇಬಲ್ ಎಲ್ಲ ಒಮ್ಮೆ ಬಿಚ್ಚಿ ಒತ್ತಿ ಹಾಕಿದೆ. ಸುಮ್ನೆ ಲೂಸ್ ಆಗಿತ್ತು ಎಂದು ಸಮಾಧಾನ ಹೇಳಿ ಕಳಿಸಿದೆ. ಆವತ್ತು ರಾತ್ರಿ ಎಂಟಕ್ಕೆ ಮತ್ತೆ ಫೋನ್. "ಮಾವ, ಎರಡು ಸಲ ಆಫ್ ಆಯ್ತು."

ಆಗ ನಾನು ಎರಡನೇ ತಪ್ಪು ಮಾಡಿದೆ. ಕಾರ್ಡೇ ಸರಿಯಿಲ್ಲ, ಕೊಟ್ಟವನಿಗೆ ವಾಪಸ್ ಕೊಡು ಅಂದೆ. ಪುಣ್ಯಕ್ಕೆ ಹುಡುಗ ಕೇಳಲಿಲ್ಲ. ಬದಲಿಗೆ ಅವನೇ ಒಂದು ಒಳ್ಳೆಯ ಮಾತು ಹೇಳಿದ. "ಬೆಳಿಗ್ಗೆ ಆಡಿದ್ರೆ ಏನೂ ಆಗಲ್ಲ ಮಾವ. ಸಂಜೆ ಏಳರ ಮೇಲೇ ಹೀಗೆ."

ಸಂಜೆ ಏಳು ಅಂದ ಕೂಡಲೇ ನನಗೆ ಹೊಳೆಯಬೇಕಿತ್ತು. ನಾನೂ ಅದೇ ಸೀಮೆಯಲ್ಲಿ ಬೆಳೆದವನು ತಾನೇ. ಏಳು ಗಂಟೆಗೆ ಬಲ್ಬು ಕುಂಕುಮದ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಲೇ ಹೋಂವರ್ಕ್ ಮಾಡಿದವರು ನಾವು. ಈಗ ಎಲ್ಲ ಮನೆಯಲ್ಲೂ ಎಲ್‌ಇಡಿ ಬಲ್ಬು. ವೋಲ್ಟೇಜ್ ಇಳಿದರೂ ಅದು ಹಾಗೇ ಉರಿಯುತ್ತದೆ. ಹಾಗಾಗಿ ಲೋ ವೋಲ್ಟೇಜ್ ಕಣ್ಣಿಗೆ ಕಾಣುವುದೇ ನಿಂತುಹೋಗಿದೆ.

ಭಾನುವಾರ ಮಲ್ಟಿಮೀಟರ್ ಹಿಡಿದುಕೊಂಡು ಹೊರಟೆ. ಜೊತೆಗೆ ನನ್ನದೇ ಕಂಪ್ಯೂಟರಿನಿಂದ ಬಿಚ್ಚಿದ 650 ವ್ಯಾಟಿನ ಎಸ್‌ಎಂಪಿಎಸ್ಸನ್ನೂ ಚೀಲಕ್ಕೆ ಹಾಕಿಕೊಂಡೆ.

ನಮ್ಮ ಮನೆಯ ಸಾಕೆಟ್ಟಿನಲ್ಲಿ ಹೊರಡುವ ಮುಂಚೆ ಅಳೆದಿದ್ದು 228 ವೋಲ್ಟ್. ಅಕ್ಕನ ಮನೆಯಲ್ಲಿ ಮಧ್ಯಾಹ್ನ ಮೂರಕ್ಕೆ 211. ಸಂಜೆ ಏಳೂವರೆಗೆ 172. ಪಕ್ಕದ ತೋಟದಲ್ಲಿ ಯಾರೋ ಮೋಟಾರ್ ಹಾಕಿದಾಗ ಒಂದು ಕ್ಷಣ 166ಕ್ಕೆ ಇಳಿದು ಮತ್ತೆ ಮೇಲೆದ್ದಿತು. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಎಳೆದ ಲೈನಿನಲ್ಲಿ ಇವರದೇ ಕೊನೇ ಮನೆ. ಸಂಜೆ ಮೇಲಿನ ಮನೆಗಳವರೆಲ್ಲ ಗ್ರೈಂಡರ್, ಗೀಸರ್, ಮೋಟಾರ್ ಹಾಕಿದ ಮೇಲೆ ಉಳಿದದ್ದು ಇವರಿಗೆ. ಭಾವ ಮೀಟರಿನ ಕಡೆ ಬಗ್ಗಿ ನೋಡಿ, "ಶರಾವತಿಯಲ್ಲಿ ಸಾವಿರದ ಮೂವತ್ತೈದು ಮೆಗಾವ್ಯಾಟ್ ಹುಟ್ಟೋದು ನಮ್ಮ ಜಿಲ್ಲೆಯಲ್ಲೇ ಅಲ್ವಾ ಮಾರಾಯ, ಇಲ್ಲಿಗೆ ಬರೋ ಹೊತ್ತಿಗೆ ಸುಸ್ತಾಗಿರುತ್ತೆ" ಅಂದರು.

ಈಗ ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಎಸ್‌ಎಂಪಿಎಸ್‌ನ ಚೀಟಿ ಓದಿದೆ. ಮಾರ್ಚ್‌ನಲ್ಲೇ ಓದಬೇಕಾಗಿದ್ದ ಚೀಟಿ. ಡಬ್ಬದ ಮೇಲೆ ದೊಡ್ಡದಾಗಿ 600. ಚೀಟಿಯಲ್ಲಿ ಸಣ್ಣಕ್ಷರ: 3.3 ವೋಲ್ಟ್ 20 ಆಂಪ್, 5 ವೋಲ್ಟ್ 20 ಆಂಪ್, 12 ವೋಲ್ಟ್ ಎರಡು ಸಾಲು, ಒಂದೊಂದೂ 16 ಆಂಪ್. ಉಳಿದವು ಚಿಲ್ಲರೆ. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟ್. ಹಾಗೆ ಎಲ್ಲವನ್ನೂ ಗುಣಿಸಿ ಕೂಡಿಸಿದರೆ 563 ಬರುತ್ತದೆ. ಅವರ ಚೀಟಿಯ ಪ್ರಕಾರವೇ ಆರುನೂರು ಮುಟ್ಟುವುದಿಲ್ಲ!

ಆದರೆ ಮುಖ್ಯ ವಿಷಯ ಅದಲ್ಲ. ಈಗಿನ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರ್ ಎರಡೂ ಎಳೆಯುವುದು 12 ವೋಲ್ಟಿನ ಸಾಲಿನಿಂದ. 3.3 ಮತ್ತು 5 ವೋಲ್ಟಿಗೆ ಅಷ್ಟು ಕೆಲಸವಿಲ್ಲ. ಅಲ್ಲಿ 166 ವ್ಯಾಟ್ ಸುಮ್ಮನೆ ಕೂತಿದೆ. 12 ವೋಲ್ಟಿನದು ಎರಡೂ ಸಾಲು ಸೇರಿ 32 ಆಂಪ್, ಅಂದರೆ 384 ವ್ಯಾಟ್. ನಮ್ಮ ಕಂಪ್ಯೂಟರಿಗೆ ಆ ಸಾಲಿನಿಂದಲೇ ಸುಮಾರು 330 ಬೇಕು. ನಾನು ಧಾರಾಳ ಅಂದಿದ್ದ 250 ವ್ಯಾಟಿನ ಉಳಿಕೆ ಐವತ್ತಕ್ಕೆ ಬಂದು ನಿಂತಿತು.

ಆ ಐವತ್ತೂ ನಿಲ್ಲುವುದಿಲ್ಲ. 220 ವ್ಯಾಟ್ ಅನ್ನುವುದು ಕಾರ್ಡಿನ ಸರಾಸರಿ. ಗೇಮ್‌ನಲ್ಲಿ ದೃಶ್ಯ ಬದಲಾದಾಗ ಕಾರ್ಡು ಒಂದೆರಡು ಮಿಲಿಸೆಕೆಂಡ್ ಅದರ ಒಂದೂವರೆ ಪಟ್ಟು ಎಳೆಯುವುದುಂಟು. ಆ ತಲೆಮಾರಿನ ಕಾರ್ಡುಗಳಿಗೆ ಈ ಚಾಳಿ ಜಾಸ್ತಿ. ಆಗ 330 ಇದ್ದದ್ದು 440 ಆಗುತ್ತದೆ. ಮಲ್ಟಿಮೀಟರಿಗೆ ಇದು ಕಾಣುವುದೇ ಇಲ್ಲ. ಅದು ಸೆಕೆಂಡಿಗೆ ಎರಡು ಮೂರು ಸಲ ನೋಡುವ ಯಂತ್ರ. ಎನ್‌ವಿಡಿಯಾ ಈ ಕಾರ್ಡಿಗೆ 650 ವ್ಯಾಟ್ ಬೇಕು ಎಂದು ಬರೆದಿರುವುದನ್ನು ನೋಡಿ "ಅವರು ಹೆದರಿಸೋಕೆ ಹಾಗೆ ಬರೀತಾರೆ" ಎಂದು ನಕ್ಕಿದ್ದವನು ನಾನು. ಅವರಿಗೆ ನಿಮ್ಮ ಮನೆಯ ಎಸ್‌ಎಂಪಿಎಸ್ ಎಂಥದ್ದು, ಪ್ರೊಸೆಸರ್ ಯಾವುದು ಎಂದು ಗೊತ್ತಿರುವುದಿಲ್ಲ. ಅದಕ್ಕೇ ಅಷ್ಟು ಧಾರಾಳವಾಗಿ ಬರೆಯುತ್ತಾರೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಇದೇ ಡಬ್ಬ ಶಿವಮೊಗ್ಗದಲ್ಲಿ ಐದು ಗಂಟೆ ಹೇಗೆ ಓಡಿತು?

ಉತ್ತರ ಅದೇ ಚೀಟಿಯ ಮೇಲಿನ ಸಾಲಿನಲ್ಲಿತ್ತು. ಎಸಿ ಇನ್‌ಪುಟ್: 200ರಿಂದ 240 ವೋಲ್ಟ್. ಈ ಸಾಲನ್ನು ಯಾರೂ ಓದುವುದಿಲ್ಲ. ನಾನೂ ಯಾವತ್ತೂ ಓದಿದವನಲ್ಲ. 172 ವೋಲ್ಟಿನಲ್ಲಿ ಕೆಲಸ ಮಾಡುತ್ತೇನೆ ಎಂದು ಆ ಡಬ್ಬ ಮಾತು ಕೊಟ್ಟೇ ಇರಲಿಲ್ಲ.

ಒಳಗೆ ಏನಾಗುತ್ತದೆ ಅನ್ನುವುದನ್ನು ತೋಟದ ಲೆಕ್ಕದಲ್ಲಿ ಹೇಳಬಹುದು. ಎಸ್‌ಎಂಪಿಎಸ್‌ನ ಒಳಗೆ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ಅದು ತೊಟ್ಟಿ ಇದ್ದ ಹಾಗೆ. ಗೋಡೆಯ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ತೊಟ್ಟಿಯ ನೀರಿನಲ್ಲಿ ಬದುಕುತ್ತದೆ. ಅಗ್ಗದ ಡಬ್ಬದಲ್ಲಿ ತೊಟ್ಟಿಯ ಮಟ್ಟ ಗೋಡೆಯ ವೋಲ್ಟೇಜನ್ನೇ ನಂಬಿಕೊಂಡಿರುತ್ತದೆ. 230 ಇದ್ದರೆ ತೊಟ್ಟಿಯಲ್ಲಿ 325 ವೋಲ್ಟ್ ನಿಲ್ಲುತ್ತದೆ. 172 ಆದರೆ 243. ಕೆಪಾಸಿಟರ್‌ನಲ್ಲಿ ತುಂಬುವ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. ಹಾಗಾಗಿ ವೋಲ್ಟೇಜ್ ಕಾಲು ಭಾಗ ಇಳಿದರೆ ತೊಟ್ಟಿ ಅರ್ಧದ ಹತ್ತಿರಕ್ಕೆ ಬರಿದಾಗುತ್ತದೆ. ಅದೇ ಹೊತ್ತಿಗೆ ಕಾರ್ಡು 440 ಬೇಕು ಅಂದರೆ ಎಲ್ಲಿಂದ ತರುವುದು?

ಸ್ವಲ್ಪ ದುಡ್ಡು ಹೆಚ್ಚು ಕೊಟ್ಟು ತಂದ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ ಭಾಗ ಇರುತ್ತದೆ. ಅದೊಂದು ಪಂಪ್. ಗೋಡೆಯಲ್ಲಿ 230 ಇರಲಿ, 172 ಇರಲಿ, ತೊಟ್ಟಿಯನ್ನು ಯಾವಾಗಲೂ 380–400 ವೋಲ್ಟಿಗೆ ತುಂಬಿ ಇಡುತ್ತದೆ. ಅಂಥವುಗಳ ಚೀಟಿಯಲ್ಲಿ ಸಾಮಾನ್ಯವಾಗಿ 100ರಿಂದ 240 ಎಂದು ಬರೆದಿರುತ್ತದೆ.

ಲೆಕ್ಕ ಏನೋ ಸರಿಯಿತ್ತು, ಪರೀಕ್ಷೆ ಮಾಡಬೇಕಲ್ಲ. ಮೊದಲು ಹಳೇ ಡಬ್ಬದಲ್ಲೇ, ಸಾಫ್ಟ್‌ವೇರ್‌ನಿಂದ ಕಾರ್ಡಿನ ಪವರ್ ಲಿಮಿಟ್ ಶೇಕಡಾ 70ಕ್ಕೆ ಇಳಿಸಿದೆ. ಅಂದರೆ 154 ವ್ಯಾಟ್. ಸಂಜೆ ಏಳೂವರೆಯಿಂದ ಎಂಟೂಕಾಲರವರೆಗೆ ಆಡಿದ. ಆಫ್ ಆಗಲಿಲ್ಲ. ಮತ್ತೆ 100ಕ್ಕೆ ಏರಿಸಿದೆ. ಆರನೇ ನಿಮಿಷಕ್ಕೆ ಟಕ್. ಎಲ್ಲಾದರೂ ಇಂಥ ಅನುಮಾನ ಬಂದರೆ ದುಡ್ಡು ಖರ್ಚಿಲ್ಲದ ಪರೀಕ್ಷೆ ಇದು. ಗೇಮ್‌ನಲ್ಲಿ ಆಗುವ ನಷ್ಟವೂ ಅಷ್ಟೇನಿಲ್ಲ. ಹೊಸದು ತರುವವರೆಗೆ ಹುಡುಗ ಹೀಗೇ ಆಡಿಕೊಂಡಿದ್ದ.

ಆಮೇಲೆ ಚೀಲದಲ್ಲಿದ್ದ ನನ್ನ ಎಸ್‌ಎಂಪಿಎಸ್ ಹಾಕಿದೆ. ಹಳೆಯದನ್ನು ಬಿಚ್ಚುವಾಗ ಇನ್ನೊಂದು ವಿಷಯ ಸಿಕ್ಕಿತು. ಕಾರ್ಡಿಗೆ ಎಂಟು ಪಿನ್ನಿನ ಎರಡು ಕೇಬಲ್ ಬೇಕು. ಆ ಡಬ್ಬದಲ್ಲಿ ಇದ್ದದ್ದು ಒಂದೇ. ಇನ್ನೊಂದಕ್ಕೆ ಮೋಲೆಕ್ಸ್ ಕೇಬಲಿಗೆ ಅಡಾಪ್ಟರ್ ಸಿಕ್ಕಿಸಿದ್ದರು. ಎಂಟು ಪಿನ್ನಿನ ಒಂದು ಕನೆಕ್ಟರ್ ಅಂದರೆ 150 ವ್ಯಾಟಿನವರೆಗೆ ಎಳೆಯಲು ಕೊಟ್ಟ ಪರವಾನಗಿ. ಹಳೇ ಕಾಲದ ಹಾರ್ಡ್ ಡಿಸ್ಕಿಗೆ ಮಾಡಿದ ಈ ಮೋಲೆಕ್ಸ್ ಕೇಬಲಿನ ತೆಳ್ಳನೆಯ ವೈರಿನಲ್ಲಿ ಅಷ್ಟು ಎಳೆಸಬಾರದು. ಅಡಾಪ್ಟರಿನ ಬಿಳಿ ಪ್ಲಾಸ್ಟಿಕ್ ಆಗಲೇ ಕಾಫಿ ಬಣ್ಣಕ್ಕೆ ತಿರುಗಿತ್ತು. ಆಫ್ ಆಗುತ್ತಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು ನನಗೆ. ಅಟ್ಟದ ತುಂಬ ಒಣ ಅಡಿಕೆ ಇಟ್ಟ ಮನೆ ಅದು.

ನನ್ನ ಡಬ್ಬ ಹಾಕಿದ ಮೇಲೆ 172 ವೋಲ್ಟಿನಲ್ಲಿ, ಪೂರ್ತಿ ಪವರಿನಲ್ಲಿ, ರಾತ್ರಿ ಊಟಕ್ಕೆ ಕರೆಯುವವರೆಗೆ ಓಡಿತು. ಅಕ್ಕ ಮೂರು ಸಲ ಕರೆದಿದ್ದಳು.

ಹೊಸದು ಕೊಳ್ಳಲು ಶಿವಮೊಗ್ಗದ ಒಂದು ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯ ಹುಡುಗ ಮೊದಲು 850 ತೆಗೆದಿಟ್ಟ. "ಮುಂದಕ್ಕೆ ಆಗುತ್ತೆ ಸರ್." ಆಮೇಲೆ ಎರಡು ಡಬ್ಬ ಪಕ್ಕಪಕ್ಕ ಇಟ್ಟ. ಒಂದು 750, ಇನ್ನೊಂದು 650. 750 ಐನೂರು ರೂಪಾಯಿ ಕಡಿಮೆ! ನಾವು ಚೀಟಿ ತಿರುಗಿಸಿ ನೋಡಿದೆವು. 750ರ 12 ವೋಲ್ಟಿನಲ್ಲಿ 45 ಆಂಪ್, ಅಂದರೆ 540 ವ್ಯಾಟ್. 650ರಲ್ಲಿ 54 ಆಂಪ್, ಅಂದರೆ 648. ಈ ಕಂಪ್ಯೂಟರಿನ ಮಟ್ಟಿಗೆ 650 ಅನ್ನುವುದೇ ದೊಡ್ಡದು. ಇನ್‌ಪುಟ್ 100ರಿಂದ 240. ಕಾರ್ಡಿಗೆ ಬೇರೆ ಬೇರೆ ಎರಡು ಕೇಬಲ್. ಐದು ವರ್ಷ ವಾರಂಟಿ. 80 ಪ್ಲಸ್ ಬ್ರಾಂಜ್. ಆರು ಸಾವಿರದ ಒಳಗೆ ಮುಗಿಯಿತು.

80 ಪ್ಲಸ್ ಬಗ್ಗೆ ಒಂದು ಮಾತು. 2004ರಲ್ಲಿ ಶುರುವಾದ ಆ ಗುರುತು ಹೇಳುವುದು ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪೋಲಾಗುತ್ತದೆ ಎಂದು. ಬ್ರಾಂಜ್ ಅಂದರೆ, 115 ವೋಲ್ಟಿನ ಪಟ್ಟಿಯ ಪ್ರಕಾರ, ಅರ್ಧ ಲೋಡಿನಲ್ಲಿ ಶೇಕಡಾ 85 ಕೆಲಸಕ್ಕೆ ಬರಬೇಕು. ತೊಟ್ಟಿ ಎಷ್ಟು ದೊಡ್ಡದು, ಶಾರ್ಟ್ ಆದರೆ ಸಮಯಕ್ಕೆ ಆಫ್ ಆಗುತ್ತದೋ ಇಲ್ಲವೋ, ಅದರ ಬಗ್ಗೆ ಆ ಗುರುತು ಏನೂ ಹೇಳುವುದಿಲ್ಲ. ಹಳೇ ಡಬ್ಬದ ಮೇಲೂ "80%+" ಎಂದು ಬಂಗಾರದ ಬಣ್ಣದ ಸ್ಟಿಕರ್ ಇತ್ತು. ಅದು ಅವರೇ ಅಚ್ಚು ಹಾಕಿಸಿಕೊಂಡದ್ದು.

850 ಯಾಕೆ ಬೇಡ ಅಂದೆ ಎಂದರೆ, ದುಡ್ಡು ಕೊಡುವವರು ಭಾವ. ಅವರಿಗೆ 650ರ ಬಗ್ಗೆಯೇ ಸಂಶಯವಿತ್ತು. "ಆರುನೂರು ಹೋಗಿ ಆರುನೂರ ಐವತ್ತಾದ್ರೆ ಬಿಲ್ ಜಾಸ್ತಿ ಬರೋಲ್ವಾ?"

"ಇಲ್ಲ ಭಾವ. ಬಚ್ಚಲಲ್ಲಿ ಹಂಡೆ ದೊಡ್ಡದಿದೆ ಅಂತ ನೀವು ಹೆಚ್ಚು ನೀರು ಹೊಯ್ಕೊಳ್ತೀರಾ? ಎಷ್ಟು ಬೇಕೋ ಅಷ್ಟೇ ಎಳೆಯುತ್ತೆ."

"ಅಲ್ಲ ಮಾರಾಯ, ಹಂಡೆ ದೊಡ್ಡದಾದ್ರೆ ಸೌದೆ ಜಾಸ್ತಿ ಬೇಕಲ್ಲ."

ನಾನು ಸುಮ್ಮನಾದೆ. ಯಾಕೆಂದರೆ ಅವರ ಮಾತಿನಲ್ಲಿ ಹುರುಳಿದೆ. ಎಸ್‌ಎಂಪಿಎಸ್ ತೀರಾ ದೊಡ್ಡದಿದ್ದು ಎಳೆಯುವುದು ತೀರಾ ಕಡಿಮೆ ಇದ್ದರೆ ಪೋಲಾಗುವ ಪಾಲು ಜಾಸ್ತಿಯಾಗುತ್ತದೆ. ಸುಮ್ನೆ ಬ್ರೌಸರ್ ತೆರೆದು ಕೂರುವ ಕಂಪ್ಯೂಟರಿಗೆ ಸಾವಿರ ವ್ಯಾಟ್ ಹಾಕಿದರೆ ಅದು ಹಂಡೆ ಕಾಯಿಸಿ ಮುಖ ತೊಳೆದ ಹಾಗೇ.

ಆದರೂ ಅವರ ನಿಜವಾದ ಚಿಂತೆ ಗೃಹಜ್ಯೋತಿ. ಆ ಯೋಜನೆಯಲ್ಲಿ ಮನೆಯ ಹಳೇ ಸರಾಸರಿಗೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡಿದ್ದಾರೆ. 200 ದಾಟಿದರೆ ಪೂರ್ತಿ ಬಿಲ್. ಹಾಗಾಗಿ ಪೇಪರ್ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಗೇಮ್ ಆಡುವಾಗ ಭಾಗಗಳಿಗೆ 350 ವ್ಯಾಟ್ ಬೇಕು. ಶೇಕಡಾ 85ರ ಲೆಕ್ಕದಲ್ಲಿ ಗೋಡೆಯಿಂದ 412. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 37 ಯೂನಿಟ್. ಹಳೇ ಡಬ್ಬ ಶೇಕಡಾ 75 ಎಂದಿಟ್ಟುಕೊಂಡರೆ 467 ವ್ಯಾಟ್, 42 ಯೂನಿಟ್. ಹೊಸದರಿಂದ ಐದು ಯೂನಿಟ್ ಉಳಿತಾಯವೇ ಆಯಿತು. ಭಾವ ಪೇಪರ್ ನೋಡಿ, "ಹಾಗಾದ್ರೆ ಮೂರು ಗಂಟೆ ಆಡೋದನ್ನ ಎರಡು ಮಾಡಿದ್ರೆ ಇನ್ನೂ ಉಳಿಯುತ್ತಲ್ಲ" ಅಂದರು. ಹುಡುಗ ನನ್ನ ಮುಖ ನೋಡಿದ.

ಹೊಸದನ್ನು ಕೂರಿಸಲು ಮತ್ತೆ ಹೋದಾಗ ಇನ್ನೆರಡು ಸಂಗತಿ ಬಿಚ್ಚಿಕೊಂಡವು.

ಒಂದು, ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಹುಡುಗ ಅದಕ್ಕೆ ಒಗ್ಗಿಹೋಗಿದ್ದ, ಹೇಳಿರಲೇ ಇಲ್ಲ. ಇದು ಎಸ್‌ಎಂಪಿಎಸ್ ಕೆಟ್ಟದ್ದಲ್ಲ. ಗೋಡೆಯಿಂದ ಬರುವ ಗಲೀಜನ್ನು ಸೋಸಲು ಅದರ ಬಾಯಲ್ಲಿ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಂದು ತುದಿ ಲೋಹದ ಡಬ್ಬಕ್ಕೆ. ಅರ್ಥಿಂಗ್ ಇದ್ದರೆ ಅಲ್ಲಿಂದ ಸೋರುವ ಅಷ್ಟಿಷ್ಟು ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವನ ಮೂಲಕ. ಮನೆಯ ಹಿಂದಿನ ಅರ್ಥ್ ಗುಂಡಿ ಬೇಸಿಗೆಗೆ ಒಣಗಿ ಜಂಬಿಟ್ಟಿಗೆಯಂತಾಗಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಹೊಸ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿ ಪೈಪ್ ಇಳಿಸಿದರು. ಜುಮ್ ನಿಂತಿತು. ಹೊಸ ಎಸ್‌ಎಂಪಿಎಸ್ ಹಾಕಿದ ದಿನವೇ ಇದನ್ನೂ ಮಾಡದೆ ಬಿಟ್ಟಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಇನ್ನೊಂದು, ಇನ್ವರ್ಟರ್. ಕಂಪ್ಯೂಟರ್ ಇನ್ವರ್ಟರಿನ ಲೈನಿಗೇ ಹೋಗಿತ್ತು. ಅದರ ಹಿಂದೆ ಒಂದು ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಯುಪಿಎಸ್ ಕಡೆ ಇಟ್ಟರೆ ಕರೆಂಟ್ ಹೋದಾಗ ಹತ್ತು ಹದಿನೈದು ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಬರುತ್ತದೆ. ನಾರ್ಮಲ್ ಕಡೆ ಇಟ್ಟರೆ ನಲವತ್ತರವರೆಗೂ ಹೋಗಬಹುದು. ಎಸ್‌ಎಂಪಿಎಸ್‌ನ ತೊಟ್ಟಿ ಪೂರ್ತಿ ಲೋಡಿನಲ್ಲಿ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಅಂದರೆ ಯುಪಿಎಸ್ ಕಡೆ ಇಡಬೇಕು ಅಲ್ವಾ? ಇಲ್ಲೇ ತೊಡಕು. ಯುಪಿಎಸ್ ಕಡೆ ಇಟ್ಟರೆ ಸಾಮಾನ್ಯವಾಗಿ 180 ವೋಲ್ಟಿನ ಕೆಳಗೆ ಇಳಿದ ಕೂಡಲೇ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ. ಈ ಮನೆಯಲ್ಲಿ ದಿನಾ ಸಂಜೆ 172. ಅಂದರೆ ದಿನಾ ಸಂಜೆ ಗೇಮು ಬ್ಯಾಟರಿಯಲ್ಲೇ ನಡೆದು, ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಅಕ್ಕನಿಗೆ ಲೈಟ್ ಇರುವುದಿಲ್ಲ. ಮೇಲಾಗಿ ಅದು ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ನಯವಾದ ಅಲೆಯ ಬದಲು ಚೌಕಾಕಾರವಾಗಿ ಏರಿಳಿಯುವ ಕರೆಂಟು ಕೊಡುವಂಥದ್ದು. ಆಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್‌ಗಳಲ್ಲಿ ಕೆಲವಕ್ಕೆ ಅದು ಒಗ್ಗುವುದಿಲ್ಲ. ಗುಂಯ್ ಅನ್ನುತ್ತವೆ, ಇಲ್ಲವೇ ಆಫ್ ಆಗುತ್ತವೆ.

ಕೊನೆಗೆ ಕಂಪ್ಯೂಟರಿಗೆ ನೇರ ಲೈನಿನಿಂದ ಬೇರೆ ಪಾಯಿಂಟ್ ಎಳೆಸಿದೆವು. ಕರೆಂಟ್ ಹೋದರೆ ಗೇಮ್ ಹೋಯಿತು, ಅಷ್ಟೇ. ಸ್ಟೆಬಿಲೈಜರ್ ಬೇಕಾ ಎಂದು ಭಾವ ಕೇಳಿದರು. ಹೊಸ ಡಬ್ಬ 172ರಲ್ಲೇ ಆರಾಮಾಗಿ ಓಡುವಾಗ ಟಕಟಕ ಅನ್ನುವ ಇನ್ನೊಂದು ಪೆಟ್ಟಿಗೆ ಯಾಕೆ? ಬೇಡ ಅಂದೆ. ಒಳ್ಳೆಯ ಯುಪಿಎಸ್ ವಿಷಯ ಮುಂದಿನ ಅಡಿಕೆ ಮಾರಿದ ಮೇಲೆ ನೋಡುವುದೆಂದು ತೀರ್ಮಾನವಾಯಿತು. ಗುಡುಗು ಕೇಳಿಸಿದರೆ ಪ್ಲಗ್ಗನ್ನೇ ಕಿತ್ತು ಕೆಳಗಿಡು, ಇಂಟರ್ನೆಟ್ ಕೇಬಲನ್ನೂ ತೆಗೆ ಎಂದು ಹುಡುಗನಿಗೆ ಹೇಳಿದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಅಷ್ಟು ದೂರದ ಆಕಾಶದಿಂದ ಹಾರಿ ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಸಂದು ಯಾವ ಲೆಕ್ಕ?

ಹಳೇ ಎಸ್‌ಎಂಪಿಎಸ್ ಬಿಚ್ಚಿ ನೋಡಬೇಕೆಂದು ಹುಡುಗನಿಗೆ ಆಸೆ. ಬೇಡ ಅಂದೆ. ಪ್ಲಗ್ ತೆಗೆದ ಮೇಲೂ ಆ ತೊಟ್ಟಿಯಲ್ಲಿ ಜೀವ ಉಳಿದಿರುತ್ತದೆ. ಟಾರ್ಚ್ ಹಾಕಿ ಫ್ಯಾನಿನ ಜಾಲರಿಯಿಂದಲೇ ಇಣುಕಿದೆವು. ಕುಂಬಾರ ಹುಳ ಒಂದು ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟಲು ಶುರುಮಾಡಿತ್ತು. ಮಾರಿದವರಿಗೆ ವಾಪಸ್ ಕೊಡೋಣ ಅಂದರೆ ವಾರಂಟಿ ಕಾರ್ಡ್ ಸಿಗಲಿಲ್ಲ.

ಮೇಯಿಂದ ಜುಲೈ ಶುರುವಿನವರೆಗೆ ಹುಡುಗನ ಹತ್ತಿರ ಡೈರಿ ಬರೆಸಿದೆ. ಎಷ್ಟು ಹೊತ್ತಿಗೆ ಆಡಿದ, ಮೀಟರ್ ಎಷ್ಟು ತೋರಿಸಿತು, ಆಫ್ ಆಯಿತೋ ಇಲ್ಲವೋ. ಅದರಲ್ಲಿ ಅತಿ ಕಡಿಮೆ ಬರೆದದ್ದು 164 ವೋಲ್ಟ್. ತಾನಾಗಿ ಆಫ್ ಆದದ್ದು ಒಂದು ಸಲವೂ ಇಲ್ಲ. ಜುಲೈ ಮೊದಲ ವಾರದಲ್ಲಿ ನಾಲ್ಕು ಸಾಲು ಖಾಲಿ ಇದ್ದವು. ಏನಾಯಿತು ಎಂದು ಕೇಳಿದರೆ, "ಮರ ಬಿದ್ದು ನಾಲ್ಕು ದಿನ ಕರೆಂಟೇ ಇರಲಿಲ್ಲ ಮಾವ. ಸೊನ್ನೆ ಅಂತ ಬರೀಬೇಕಿತ್ತಾ?" ಅಂದ.